ತೊಟ್ಟಿಲಿಗೇಕೆ ಪ್ರೈವೇಟ್ ಲಿಮಿಟೆಡ್?

ನಾಗಪುರದಲ್ಲಿ ಮೇ ಎಂದರೆ ಕೂಲರ್‌ಗೆ ನೀರು ತುಂಬುವ ತಿಂಗಳು. ಬಿಸಿಲು 45 ಡಿಗ್ರಿ ಮುಟ್ಟುವ ಆ ದಿನಗಳಿಗೆ ಹೆದರಿ ವಿದರ್ಭದ ಶಾಲೆಗಳು ಮಹಾರಾಷ್ಟ್ರದ ಉಳಿದ ಕಡೆಗಿಂತ ತಡವಾಗಿ, ಜೂನ್ ಕೊನೆಯ ಹೊತ್ತಿಗೆ ಬಾಗಿಲು ತೆಗೆಯುತ್ತವೆ. ಹೊಸದಾಗಿ ಪಾಳಣಾಘರ್ ತೆರೆಯಬೇಕೆಂದಿರುವ ಹೆಂಗಸರು ಕುಳಿತು ಲೆಕ್ಕ ಹಾಕುವುದಕ್ಕೂ ಇದೇ ಹೊತ್ತು.

ಪಾಳಣಾಘರ್ ಮರಾಠಿಯ ಮಾತು. ಪಾಳಣಾ ಎಂದರೆ ತೊಟ್ಟಿಲು, ತೊಟ್ಟಿಲಮನೆ. ಬೆಂಗಳೂರಿನವರು ಡೇ ಕೇರ್ ಎನ್ನುವುದನ್ನು, ಹಳಬರು ಬೇಬಿ ಸಿಟ್ಟಿಂಗ್ ಎನ್ನುತ್ತಿದ್ದುದನ್ನು ನಾಗಪುರ ಇಷ್ಟು ಚಂದದ ಹೆಸರಿನಿಂದ ಕರೆಯುತ್ತದೆ. ಹೆಸರು ಚಂದವಿದ್ದರೂ ವ್ಯವಹಾರ ಸಣ್ಣದು. ಮನೀಷ್ ನಗರದ ಕಡೆ ನೆಲಮಹಡಿಯಲ್ಲಿ ಎರಡು ಕೋಣೆ, ಒಂದಿಷ್ಟು ಅಂಗಳ, ಎಂಟು ಮಕ್ಕಳು ಎಂದು ಊಹಿಸಿಕೊಳ್ಳಿ. ತಾಯಂದಿರು ಮಿಹಾನ್‌ನ ಐಟಿ ಕಚೇರಿಗಳಲ್ಲೋ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ದುಡಿಯುವವರು. 26 ವಾರಗಳ ಹೆರಿಗೆ ರಜೆ ಮುಗಿದಿದೆ. ಅಜ್ಜಿ ಅಕೋಲಾದಲ್ಲಿದ್ದಾಳೆ, ಕನ್ನಡದ ಮನೆಯಾದರೆ ಹುಬ್ಬಳ್ಳಿಯಲ್ಲಿದ್ದಾಳೆ. ಮಗುವನ್ನು ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಸಂಜೆ ಏಳಕ್ಕೆ ಎತ್ತಿಕೊಳ್ಳಬೇಕು.

ಹೀಗೆ ತೆರೆಯಹೊರಟ ಹೆಂಗಸು ಮೊದಲು ಕೇಳುವುದು: ಇದನ್ನು ಯಾವ ಹೆಸರಿನಲ್ಲಿ, ಯಾವ ರೂಪದಲ್ಲಿ ನಡೆಸಲಿ? ಉತ್ತರ ಕೊಡುವವರು ತುಂಬಾ ಇದ್ದಾರೆ. ಮೈದುನನ ಗೆಳೆಯ ಆಡಿಟರು, ಫೋನು ತೆರೆದರೆ ಎದುರಾಗುವ ನೋಂದಣಿ ಏಜೆಂಟರ ಜಾಹೀರಾತು, ಪಕ್ಕದ ಫ್ಲ್ಯಾಟಿನ ಎಂಬಿಎ ಹುಡುಗ. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ. ಪ್ರೈವೇಟ್ ಲಿಮಿಟೆಡ್ ಮಾಡಿಸಿಬಿಡಿ ತಾಈ, ನಾಳೆ ಒಂದು ಮಗುವಿಗೆ ಏನಾದರೂ ಆದರೆ ನಿಮ್ಮ ಮನೆ, ಬಂಗಾರ ಉಳಿಯುತ್ತದೆ.

ಈ ಸಲಹೆ ತಪ್ಪು. ದುಬಾರಿ ಎನ್ನುವುದು ಅದರ ಸಣ್ಣ ದೋಷ. ತೊಟ್ಟಿಲಮನೆಯಲ್ಲಿ ಯಾರು ಯಾರಿಗೆ ಉತ್ತರ ಕೊಡಬೇಕು ಎಂಬುದನ್ನೇ ಅದು ತಲೆಕೆಳಗು ಮಾಡುತ್ತದೆ ಎಂಬುದು ದೊಡ್ಡ ದೋಷ.

ಈ ಊರಿಗೆ ಕಂಪನಿಯೂ ಹೊಸದಲ್ಲ, ತೊಟ್ಟಿಲೂ ಹೊಸದಲ್ಲ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ಥಾನದ ಸಾಮ್ರಾಜ್ಞಿಯೆಂದು ಘೋಷಿಸಿದ ದಿನವೇ, ಜಮ್‌ಷೆಡ್‌ಜಿ ಟಾಟಾ ನಾಗಪುರದಲ್ಲಿ ಎಂಪ್ರೆಸ್ ಮಿಲ್ ತೆರೆದರು. ಮುಂದೆ ಆ ಗಿರಣಿ ಕಾರ್ಮಿಕರಿಗೆ ಪಿಂಚಣಿ ನಿಧಿ ಇಟ್ಟಿತು, ಅಪಘಾತಕ್ಕೆ ಪರಿಹಾರ ಕೊಟ್ಟಿತು, ದುಡಿಯುವ ಹೆಂಗಸರ ಹಸುಗೂಸುಗಳಿಗೆ ತೊಟ್ಟಿಲಮನೆ ನಡೆಸಿತು. ಅದೂ ಒಂದು ಲಿಮಿಟೆಡ್ ಕಂಪನಿಯೇ. ಹೆಂಗಸರ ದುಡಿಮೆಯಿಂದ ಲಾಭ ಮಾಡುವವನು ಅವರ ಕೂಸನ್ನೂ ನೋಡಿಕೊಳ್ಳಬೇಕು ಎಂಬ ತರ್ಕ ಸ್ವತಂತ್ರ ಭಾರತದ ಕಾನೂನಿಗೂ ಬಂತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಬಂತು, 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಇನ್ನೊಮ್ಮೆ ಬಂತು: 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ವ್ಯವಸ್ಥೆ ಮಾಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿಬರಲು ಬಿಡಬೇಕು. ಆಗ ತೊಟ್ಟಿಲು ಕಟ್ಟುವುದು ಕಂಪನಿಯ ಹೊಣೆಯಾಗಿತ್ತು. ಈಗ ತೊಟ್ಟಿಲೇ ಕಂಪನಿಯಾಗಬೇಕಂತೆ. ಎಂಪ್ರೆಸ್ ಮಿಲ್ ಇದ್ದ ಜಾಗದಲ್ಲಿ ಇವತ್ತು ಮಾಲ್ ಇದೆ.

ಸೀಮಿತ ಹೊಣೆಗಾರಿಕೆ ಎಂದರೆ ನಿಜವಾಗಿ ಏನು? ಕಂಪನಿ ಸಾಲ ತೀರಿಸಲಾಗದೆ ಮುಳುಗಿದರೆ ಷೇರುದಾರ ಹಾಕಿದ ಬಂಡವಾಳ ಮಾತ್ರ ಹೋಗುತ್ತದೆ. ಮನೆ, ಜಮೀನು, ಕೊರಳ ಸರ ಹೋಗುವುದಿಲ್ಲ. ದೊಡ್ಡ ವ್ಯಾಪಾರಕ್ಕೆ ಇದು ದೊಡ್ಡ ವರ. ನೂರು ಜನರ ದುಡ್ಡು ಒಟ್ಟುಗೂಡಿಸಿ ಗಿರಣಿ ಹಾಕಬೇಕಾದರೆ ಹೀಗಲ್ಲದೆ ಯಾರೂ ದುಡ್ಡು ಕೊಡರು. ಆದರೆ ಎಂಟು ಮಕ್ಕಳ ಪಾಳಣಾಘರ್ ಮುಳುಗುವುದು ಸಾಲದಿಂದಲ್ಲ. ಅದಕ್ಕೆ ಅಂಥ ಸಾಲವೇ ಇರುವುದಿಲ್ಲ. ಇದ್ದರೆ ಬ್ಯಾಂಕು ಕಂಪನಿಯ ಸಹಿಯ ಕೆಳಗೆ ಒಡತಿಯ ವೈಯಕ್ತಿಕ ಜಾಮೀನಿನ ಸಹಿಯನ್ನೂ ಹಾಕಿಸಿಕೊಂಡಿರುತ್ತದೆ. ಅಲ್ಲಿಗೆ ಆ ರಕ್ಷೆ ಮುಗಿಯಿತು.

ಪಾಳಣಾಘರಿನ ಭಯ ಬೇರೆ. ನೀರಿನ ಟಬ್ಬು, ಕೂಲರ್‌ನ ವೈರು, ಗಂಟಲಲ್ಲಿ ಸಿಕ್ಕಿದ ಶೇಂಗಾ, ಗೇಟು ತೆರೆದಿದ್ದ ಎರಡು ನಿಮಿಷ. ಅಂಥದ್ದು ನಡೆದಾಗ ಕಾನೂನು ಕೇಳುವುದು ಷೇರು ಎಷ್ಟು ಎಂದಲ್ಲ, ಮಗು ಯಾರ ಕೈಯಲ್ಲಿತ್ತು ಎಂದು. ತನ್ನ ನಿರ್ಲಕ್ಷ್ಯಕ್ಕೆ ತಾನೇ ಹೊಣೆ. ಕಂಪನಿಯ ಲೆಟರ್‌ಹೆಡ್ ನಡುವೆ ಬರುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು. ಮಗುವನ್ನು ಹೊಡೆದು, ಹಿಂಸಿಸಿ, ಅನಾದರದಿಂದ ನರಳಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು. ಸಾಮಾನ್ಯರಿಗೆ ಅಲ್ಲಿ ಮೂರು ವರ್ಷದವರೆಗಿನ ಶಿಕ್ಷೆ. ಮಗುವಿನ ಪಾಲನೆಯ ಹೊಣೆ ಹೊತ್ತ ಸಂಸ್ಥೆಯ ನೌಕರರಿಗೆ ಮತ್ತು ಅದನ್ನು ನಡೆಸುವವರಿಗೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ. ಅಂದರೆ ಸಂಸ್ಥೆಯ ಹೆಸರಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಮೇಲೆ ಈ ಕಾನೂನು ಹೆಚ್ಚು ಭಾರ ಹೊರಿಸುತ್ತದೆ, ಕಡಿಮೆಯಲ್ಲ.

2016ರ ನವೆಂಬರ್‌ನಲ್ಲಿ ನವಿ ಮುಂಬೈಯ ಖಾರ್ಘರಿನ ಒಂದು ಪಾಳಣಾಘರಿನಲ್ಲಿ ಹತ್ತು ತಿಂಗಳ ಕೂಸನ್ನು ಆಯಾ ಹೊಡೆದು ಎಸೆದ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿ ದೇಶವೆಲ್ಲ ನೋಡಿತು. ಪೊಲೀಸರು ಆಯಾಳನ್ನು ಬಂಧಿಸಿದರು, ಒಡತಿಯನ್ನೂ ಬಂಧಿಸಿದರು. ಆ ದೃಶ್ಯ ನೋಡಿದ ತಂದೆತಾಯಂದಿರಲ್ಲಿ ಅದು ಯಾವ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆ ಎಂದು ಕೇಳಿದವರು ಎಷ್ಟು ಜನ ಇದ್ದಾರು?

ಹಾಗಾದರೆ ಸೀಮಿತ ಹೊಣೆಗಾರಿಕೆ ಪಾಳಣಾಘರಿನಲ್ಲಿ ಕೆಲಸಕ್ಕೆ ಬರುವುದೇ ಇಲ್ಲವೇ? ಬರುತ್ತದೆ, ಒಬ್ಬರಿಗೆ. ಕೋಣೆಯಲ್ಲಿ ಇಲ್ಲದವರಿಗೆ. ಐದು ಶಾಖೆ ಇಟ್ಟುಕೊಂಡು, ಪ್ರತಿ ಶಾಖೆಯಲ್ಲೂ ಸಂಬಳದ ಆಯಾಗಳನ್ನು ನೇಮಿಸಿ, ತಾನು ರಾಮದಾಸ ಪೇಠೆಯ ಕಚೇರಿಯಲ್ಲಿ ಕೂರುವ ಒಡತಿಗೆ ಅದು ರಕ್ಷೆ. ಆಯಾಳ ನಿರ್ಲಕ್ಷ್ಯಕ್ಕೆ ಗ್ರಾಹಕ ಆಯೋಗ ಪರಿಹಾರ ವಿಧಿಸಿದರೆ ಅದನ್ನು ಕಂಪನಿಯ ಖಾತೆಯಿಂದ ಕೊಡಬೇಕು; ಖಾತೆಯಲ್ಲಿ ಇಲ್ಲದಿದ್ದರೆ ಒಡತಿಯ ಸ್ವಂತ ತಪ್ಪು ತೋರಿಸುವವರೆಗೆ ಆಕೆಯ ಮನೆಗೆ ಕೈ ಹಾಕುವುದು ಕಷ್ಟ. ಮಗುವಿಗೆ ಪೆಟ್ಟಾಗಿದೆ, ಆಯಾ ಠಾಣೆಯಲ್ಲಿದ್ದಾಳೆ, ಕಂಪನಿಯ ಹತ್ತಿರ ಒಂದು ಲಕ್ಷದ ಬಂಡವಾಳವಿದೆ, ಲಾಭ ಉಂಡವರು ಕ್ಷೇಮ. ಎರಡು ಕೋಣೆಯಲ್ಲಿ ತಾನೇ ಕುಳಿತು ಮಕ್ಕಳಿಗೆ ವರಣ-ಭಾತ ಉಣಿಸುವ ಹೆಂಗಸಿಗೆ ಈ ರಕ್ಷೆ ಸಿಗದು. ಸಿಗದ ರಕ್ಷೆಗಾಗಿ ಆಕೆ ವರ್ಷವರ್ಷವೂ ದುಡ್ಡು ಕಟ್ಟಬೇಕು.

ಎಷ್ಟು ಕಟ್ಟಬೇಕು ಎಂಬುದನ್ನೂ ನೋಡೋಣ. ಕಂಪನಿಯ ವಹಿವಾಟು ಎಷ್ಟೇ ಸಣ್ಣದಿರಲಿ, ಲೆಕ್ಕಪರಿಶೋಧನೆ ಕಡ್ಡಾಯ. ವ್ಯಾಪಾರ ಶುರುಮಾಡಿದೆವೆಂದು 180 ದಿನದೊಳಗೆ ಘೋಷಣೆ, ಪ್ರತಿ ವರ್ಷ ಆಯವ್ಯಯದ ಫಾರ್ಮು, ವಾರ್ಷಿಕ ವಿವರಣೆಯ ಫಾರ್ಮು, ಜೊತೆಗೆ ಆಗಾಗ ನಿರ್ದೇಶಕರ ಕೆವೈಸಿ. ಆಯವ್ಯಯ ಮತ್ತು ವಾರ್ಷಿಕ ವಿವರಣೆ ತಡವಾದರೆ ಫಾರ್ಮಿಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡೂ ಫಾರ್ಮು ಒಂದು ವರ್ಷ ಮರೆತುಹೋದರೆ 73,000 ರೂಪಾಯಿ. ಎಂಟು ಮಕ್ಕಳಿಂದ ತಿಂಗಳಿಗೆ ತಲಾ 5,000 ಎಂದು ಹಿಡಿದರೂ ತಿಂಗಳ ಒಟ್ಟು ವಸೂಲಿ 40,000. ಅದರಲ್ಲಿ ಬಾಡಿಗೆ, ಹಾಲು, ತರಕಾರಿ, ಸಹಾಯಕಿಯ ಸಂಬಳ, ಮೇ ತಿಂಗಳ ಕರೆಂಟು ಬಿಲ್ಲು. ಮರೆವಿಗೆ ಹೆಚ್ಚುಕಡಿಮೆ ಎರಡು ತಿಂಗಳ ವಸೂಲಿ ದಂಡ.

ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ನಿರ್ದೇಶಕರು ಬೇಕು. ಎರಡನೆಯವರು ಯಾರು? ಗಂಡ. ನಾಗಪುರ ನೌಕರದಾರರ ಊರು: ರೈಲ್ವೆ, ಅಂಚೆ, ತೆರಿಗೆ ಇಲಾಖೆ, ಮಹಾಲೇಖಪಾಲರ ಕಚೇರಿ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 15ನೇ ನಿಯಮ ಎಂಬುದೊಂದಿದೆ. ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಮನೆಯವರು ವ್ಯಾಪಾರ ಮಾಡಿದರೂ ಇಲಾಖೆಗೆ ತಿಳಿಸಬೇಕು. ಸಲಹೆಗಾರರು ಫಾರ್ಮಿನಲ್ಲಿ ಗಂಡನ ಹೆಸರು ತುಂಬುವಾಗ ಈ ವಿಷಯ ಎತ್ತುವುದು ಅಪರೂಪ. ಹೆಂಡತಿಯ ಪಾಳಣಾಘರ್ ಗಂಡನ ಬಡ್ತಿಯ ಕಡತಕ್ಕೆ ಹೋಗಿ ಕೂತ ಮೇಲೆ ಎಚ್ಚರವಾಗುತ್ತದೆ.

ಗಂಡ ಬೇಡವೆಂದರೆ ಒಬ್ಬರೇ ನಡೆಸುವ ಕಂಪನಿಯೂ ಉಂಟು, 2013ರ ಕಂಪನಿ ಕಾಯ್ದೆ ತಂದ ವನ್ ಪರ್ಸನ್ ಕಂಪನಿ. ಅದರಲ್ಲಿ ಒಡತಿ ಸತ್ತರೆ ಷೇರು ಯಾರಿಗೆ ಎಂದು ಮೊದಲೇ ಒಬ್ಬರ ಹೆಸರು ಬರೆದುಕೊಡಬೇಕು. ಒಳ್ಳೆಯದೇ. ಆದರೆ ಒಡತಿಗೆ ಬುಧವಾರ ಜ್ವರ ಬಂದರೆ ಎಂಟು ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಆ ಫಾರ್ಮು ಕೇಳುವುದಿಲ್ಲ. ಪಾಳಣಾಘರಿನಲ್ಲಿ ಸಾವಿಗಿಂತ ಜ್ವರವೇ ಹೆಚ್ಚು ಸಲ ಬರುವುದು.

ಪ್ರೈವೇಟ್ ಲಿಮಿಟೆಡ್‌ನ ಪರ ಇರುವವರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಮಿಹಾನ್‌ನ ಒಂದು ಕಂಪನಿ ತನ್ನ 50 ನೌಕರರ ನಿಯಮ ಪಾಲಿಸಲು ಹೊರಗಿನ ಶಿಶುಕೇಂದ್ರದ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಅದರ ಖರೀದಿ ವಿಭಾಗ ನೋಂದಾಯಿತ ಸಂಸ್ಥೆಯನ್ನೇ ಕೇಳಬಹುದು. ಹೊರಗಿನವರ ಬಂಡವಾಳ ಬೇಕಾದರೆ, ಊರಿನ ನಾಲ್ಕು ಮೂಲೆಗೆ ಶಾಖೆ ಹಾಕಬೇಕಾದರೆ, ಕಂಪನಿಯೇ ಸರಿಯಾದ ರೂಪ. ಆಗ ಅದು ಪಾಳಣಾಘರ್ ಅಲ್ಲ, ಪಾಳಣಾಘರುಗಳ ವ್ಯಾಪಾರ. ಅದರಲ್ಲಿ ತಪ್ಪೇನಿಲ್ಲ, ಆದರೆ ಗೋಡೆಯ ಮೇಲೆ ಯಶೋದೆ-ಕೃಷ್ಣರ ಚಿತ್ರ ಬರೆಸಿ ಬೇರೆ ಏನೋ ಎಂಬಂತೆ ನಟಿಸಬಾರದು.

ಇನ್ನೊಂದು ಪಂಗಡ ಟ್ರಸ್ಟ್ ಮಾಡಿ ಎನ್ನುತ್ತದೆ. ತೆರಿಗೆ ಉಳಿಯುತ್ತದೆ, ದಾನ ಬರುತ್ತದೆ, ಸೇವೆ ಎಂದರೆ ಜನ ನಂಬುತ್ತಾರೆ ಎಂಬ ಲೆಕ್ಕ. ತೊಟ್ಟಿಲಮನೆಗೆ ಸೇವೆಯ ರೂಪ ನಿಜವಾಗಿ ಒಪ್ಪುವ ಕಡೆಗಳಿವೆ. 1969ರಲ್ಲಿ ದೆಹಲಿಯಲ್ಲಿ ಕಟ್ಟಡ ಕಟ್ಟುವ ಕೂಲಿಕಾರ ಹೆಂಗಸರ ಕೂಸುಗಳು ಮಣ್ಣಿನಲ್ಲಿ ಬಿದ್ದಿದ್ದನ್ನು ಕಂಡು ಮೀರಾ ಮಹಾದೇವನ್ ಮೊಬೈಲ್ ಕ್ರೆಶಸ್ ಕಟ್ಟಿದರು. ಆ ತಾಯಂದಿರಿಂದ ಶುಲ್ಕ ಕೇಳುವ ಪ್ರಶ್ನೆಯೇ ಇರಲಿಲ್ಲ. ಶುಲ್ಕ ಕೊಡಬಲ್ಲ ನೌಕರದಾರರ ಮಕ್ಕಳನ್ನು ನೋಡಿಕೊಂಡು ಜೀವನ ಮಾಡಬೇಕೆಂದಿರುವ ಹೆಂಗಸಿಗೆ ಟ್ರಸ್ಟ್ ಏಕೆ? ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್ ಎಂದರೆ 1950ರ ಕಾಯ್ದೆಯಡಿ ಧರ್ಮಾದಾಯ ಆಯುಕ್ತರ ಮುಂದೆ ಹೋಗಬೇಕು, ಟ್ರಸ್ಟಿಗಳು ಬದಲಾದಾಗಲೆಲ್ಲ ವರದಿ ಕೊಡಬೇಕು. ಮುಖ್ಯವಾಗಿ, ಉಳಿದ ಹಣ ಆಕೆಯದಾಗುವುದಿಲ್ಲ. ಅದನ್ನು ಮನೆಗೆ ತರಬೇಕಾದರೆ ಸಂಬಳ, ಬಾಡಿಗೆ ಎಂದು ಅಡ್ಡದಾರಿ ಹುಡುಕಬೇಕು. ಹೆಂಗಸು ದುಡಿದು ಗಳಿಸುವುದನ್ನು ಸೇವೆಯ ಸೆರಗಿನಡಿ ಮುಚ್ಚಿಡಬೇಕು ಎಂಬ ಹಳೆಯ ಸಂಕೋಚವೇ ಇಲ್ಲಿ ಟ್ರಸ್ಟ್‌ಡೀಡಿನ ವೇಷ ಹಾಕಿ ಬಂದಿದೆ. ಔಷಧಿ ಅಂಗಡಿಯವನಿಗೆ ಯಾರೂ ಟ್ರಸ್ಟ್ ಮಾಡಿ ಎನ್ನುವುದಿಲ್ಲ.

ಎರಡು ಕೋಣೆ, ಎಂಟು ಮಕ್ಕಳ ಮನೆಗೆ ಸರಿಯಾದದ್ದು ಎಲ್ಲಕ್ಕಿಂತ ಸಾದಾ ರೂಪ. ಒಬ್ಬಳ ಮಾಲೀಕತ್ವ, ಆಕೆಯ ಸ್ವಂತ ಹೆಸರು. ಇದಕ್ಕೆ ಹುಟ್ಟುಪತ್ರವೇ ಬೇಡ. ಮಹಾರಾಷ್ಟ್ರದವರು ಗುಮಾಸ್ತಾ ಎನ್ನುವ ಅಂಗಡಿ ಕಾಯ್ದೆಯ ಕಾಗದವಿದೆಯಲ್ಲ, 2017ರ ಕಾಯ್ದೆಯ ಪ್ರಕಾರ ಇಷ್ಟು ಕಡಿಮೆ ಕೆಲಸಗಾರರಿದ್ದರೆ ಅದಕ್ಕೂ ನೋಂದಣಿ ಬೇಡ, ಆನ್‌ಲೈನಿನಲ್ಲಿ ಸೂಚನೆ ಕೊಟ್ಟರೆ ಸಾಕು. ಉದ್ಯಮ್ ನೋಂದಣಿ ಉಚಿತ. ವ್ಯವಹಾರಕ್ಕೆಂದು ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ವರ್ಷದ ವಸೂಲಿ 20 ಲಕ್ಷ ಮೀರದವರೆಗೆ ಜಿಎಸ್‌ಟಿ ನೋಂದಣಿಯ ತಲೆನೋವಿಲ್ಲ. ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಪದ್ಧತಿ ಒಬ್ಬಳ ಮಾಲೀಕತ್ವಕ್ಕೆ ಸಿಗುತ್ತದೆ, ಕಂಪನಿಗೆ ಸಿಗುವುದಿಲ್ಲ. ಮುದ್ರಾ ಸಾಲವೂ ಸ್ವಂತ ಹೆಸರಿಗೇ ಸಿಗುತ್ತದೆ. (ಮುದ್ರಾ ಯೋಜನೆಯ 50,000 ರೂಪಾಯಿವರೆಗಿನ ಅತಿ ಸಣ್ಣ ಸಾಲಕ್ಕೆ ಸರ್ಕಾರ ಇಟ್ಟ ಹೆಸರು ಶಿಶು. ಪಾಳಣಾಘರಿಗೆ ಇದಕ್ಕಿಂತ ಒಪ್ಪುವ ಸಾಲ ಇನ್ನೊಂದಿಲ್ಲ.)

ಆಡಿಟರು ಕೇಳುವ ಹಣದಲ್ಲಿ ಒಂದು ಭಾಗವನ್ನು ಎರಡು ಕಡೆ ಹಾಕಿದರೆ ಕಂಪನಿ ಕೊಡದ ರಕ್ಷೆ ಸಿಗುತ್ತದೆ. ಒಂದು, ಸಾರ್ವಜನಿಕ ಹೊಣೆಗಾರಿಕೆ ವಿಮೆ. ಮಗುವಿಗೆ ಅಪಘಾತವಾದರೆ ಪರಿಹಾರ ಕೊಡಲು ದುಡ್ಡಿರುತ್ತದೆ. ಕಂಪನಿಯ ರೂಪ ಕೊಡುವವರನ್ನು ಕಾಪಾಡುತ್ತದೆ, ವಿಮೆ ಪಡೆಯಬೇಕಾದ ಮಗುವನ್ನೂ ಕಾಪಾಡುತ್ತದೆ. ಎರಡು, ತಂದೆತಾಯಿಯ ಜೊತೆ ಬರಹದ ಒಪ್ಪಂದ. ಮಗುವನ್ನು ಯಾರು ಯಾರು ಕರೆದೊಯ್ಯಬಹುದು, ಜ್ವರವಿದ್ದರೆ ಬಿಡಬಹುದೇ, ಔಷಧಿ ಕುಡಿಸುವುದು ಯಾರ ಚೀಟಿಯ ಮೇಲೆ, ತುರ್ತಿದ್ದರೆ ಯಾವ ಆಸ್ಪತ್ರೆ, ಸಂಜೆ ಏಳು ಮೀರಿದರೆ ಏನು, ಒಡತಿಗೆ ಹುಷಾರಿಲ್ಲದ ದಿನ ಮಕ್ಕಳು ಎಲ್ಲಿಗೆ. ಎಷ್ಟೋ ಕಡೆ ಒಪ್ಪಂದ ಎಂಬ ಹೆಸರಿನಲ್ಲಿ ಇರುವುದು ಒಂದೇ ಸಾಲು: ಏನಾದರೂ ಆದರೆ ನಾವು ಹೊಣೆಯಲ್ಲ. ನಿರ್ಲಕ್ಷ್ಯದ ಪ್ರಶ್ನೆ ಬಂದಾಗ ಆ ಸಾಲು ಯಾರನ್ನೂ ಉಳಿಸುವುದಿಲ್ಲ. ಅದನ್ನು ಓದಿಯೂ ಮಗುವನ್ನು ಬಿಟ್ಟು ಹೋಗುವ ತಾಯಿಗೆ ಬೇರೆ ದಾರಿ ಇಲ್ಲ ಎಂಬುದನ್ನು ಮಾತ್ರ ಅದು ಹೇಳುತ್ತದೆ.

ಆದರೂ ಒಬ್ಬಳ ಮಾಲೀಕತ್ವದಲ್ಲಿ ಒಂದು ದೋಷ ಉಳಿದೇ ಉಳಿಯುತ್ತದೆ. ಅಲ್ಲಿ ಇರುವುದು ನಿಜವಾಗಿ ಒಬ್ಬಳಲ್ಲ.

ಮಹಾರಾಷ್ಟ್ರದಲ್ಲಿ ಪಾಳಣಾಘರಿನ, ಶಾಲೆಯ, ಆಸ್ಪತ್ರೆಯ ಸಹಾಯಕಿಗೆ ಮಾವಶಿ ಎನ್ನುತ್ತಾರೆ. ಮಾವಶಿ ಎಂದರೆ ತಾಯಿಯ ತಂಗಿ, ನಮ್ಮ ಚಿಕ್ಕಮ್ಮ. ಮಗುವಿನ ಚಡ್ಡಿ ಬದಲಿಸುವವಳು, ಅತ್ತಾಗ ಹೆಗಲಿಗೆ ಹಾಕಿಕೊಳ್ಳುವವಳು, ಮಧ್ಯಾಹ್ನ ಒಡತಿ ಬ್ಯಾಂಕಿಗೆ ಹೋದಾಗ ಎಂಟು ಮಕ್ಕಳ ಜೊತೆ ಒಬ್ಬಳೇ ಉಳಿಯುವವಳು. ಸಂಬಂಧದ ಹೆಸರಿಟ್ಟ ಮೇಲೆ ಸಂಬಳದ ಮಾತು ಎತ್ತುವುದು ಒರಟಾಗಿ ಕಾಣುತ್ತದೆ. ಚಿಕ್ಕಮ್ಮನಿಗೆ ಯಾರಾದರೂ ಕನಿಷ್ಠ ವೇತನದ ಪಟ್ಟಿ ತೋರಿಸುತ್ತಾರೆಯೇ? ಕಂಪನಿಯ ಷೇರುಪಟ್ಟಿಯಲ್ಲಿ ಆಕೆ ಇಲ್ಲ, ಟ್ರಸ್ಟಿನಲ್ಲಿ ಇಲ್ಲ, ಮಾಲೀಕಳ ಖಾತೆಯಲ್ಲಿ ಇಲ್ಲ. ಪೊಲೀಸರ ಮೊದಲ ಪ್ರಶ್ನೆಯಲ್ಲಿ ಮಾತ್ರ ಇರುತ್ತಾಳೆ.

ಯಾವ ರೂಪ ಆರಿಸಬೇಕೆಂಬ ಪ್ರಶ್ನೆ ಗಂಭೀರವಾಗುವುದು ಇಲ್ಲಿಂದ. ಇಬ್ಬರು ಮೂವರು ಹೆಂಗಸರು ಸೇರಿ ನಡೆಸುವ ಕಡೆ ಪಾಲುದಾರಿಕೆ ಮಾಡಬೇಕು, ಅದರಲ್ಲಿ ಮಾವಶಿಯ ಹೆಸರಿರಬೇಕು. ಗಂಡನ ಹೆಸರಲ್ಲ, ಮೈದುನನ ಹೆಸರಲ್ಲ. ಮಗುವನ್ನು ಎತ್ತಿಕೊಳ್ಳುವ ಕೈಗಳ ಹೆಸರು.

1932ರ ಪಾಲುದಾರಿಕೆ ಕಾಯ್ದೆಯಲ್ಲಿ ಒಬ್ಬಳು ಮಾಡಿದ ತಪ್ಪಿಗೆ ಉಳಿದವರ ಮನೆಯೂ ಹೊಣೆ. ಈ ಭಯ ನಿಜವಾದದ್ದು. ಅದಕ್ಕೆ ಉತ್ತರ 2008ರ ಎಲ್‌ಎಲ್‌ಪಿ ಕಾಯ್ದೆಯಲ್ಲಿದೆ. ಅದರ 28ನೇ ಕಲಮು ಹೇಳುವುದಿಷ್ಟು: ಪಾಲುದಾರನ ಸ್ವಂತ ತಪ್ಪಿನ ವೈಯಕ್ತಿಕ ಹೊಣೆ ತಪ್ಪುವುದಿಲ್ಲ, ಆದರೆ ಇನ್ನೊಬ್ಬ ಪಾಲುದಾರನ ತಪ್ಪಿಗೆ ಆತ ವೈಯಕ್ತಿಕವಾಗಿ ಹೊಣೆಯಲ್ಲ. ಹಾಳೆಗಟ್ಟಲೆ ಜಾಹೀರಾತು ಮುಚ್ಚಿಡುವ ಸತ್ಯ ಕಾನೂನಿನ ಒಂದೆರಡು ಸಾಲಿನಲ್ಲೇ ಇದೆ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ಮೀರದಿದ್ದರೆ ಎಲ್‌ಎಲ್‌ಪಿ ಕಾಯ್ದೆಯಡಿ ಲೆಕ್ಕಪರಿಶೋಧನೆಯೂ ಬೇಡ, ವರ್ಷಕ್ಕೆ ಮುಖ್ಯವಾಗಿ ಎರಡು ಫಾರ್ಮು.

ಪಾಲುದಾರಿಕೆಗೆ 30 ಪ್ರತಿಶತ ತೆರಿಗೆ, ಅದಕ್ಕೇ ಕಂಪನಿ ಮಾಡಿ ಎಂಬ ವಾದವೂ ಇದೆ. ದರ ಹೇಳಿ ಲೆಕ್ಕ ಬಿಡುವ ವಾದ ಇದು. ದುಡಿಯುವ ಪಾಲುದಾರರಿಗೆ ಕೊಡುವ ಸಂಭಾವನೆಯನ್ನು ಲಾಭದಿಂದ ಕಳೆಯಬಹುದು: ಮೊದಲ 6 ಲಕ್ಷ ಲಾಭದಲ್ಲಿ 3 ಲಕ್ಷ ಅಥವಾ 90 ಪ್ರತಿಶತ, ಯಾವುದು ಹೆಚ್ಚೋ ಅದು. ವರ್ಷದ ಲಾಭ 4 ಲಕ್ಷ ಎಂದಿಟ್ಟುಕೊಳ್ಳಿ. 3.6 ಲಕ್ಷ ಮೂವರಿಗೆ ತಲಾ 1.2 ಲಕ್ಷ ಸಂಭಾವನೆಯಾಗಿ ಹೋಗುತ್ತದೆ. ಬೇರೆ ಆದಾಯವಿಲ್ಲದವರಿಗೆ ಅದರ ಮೇಲೆ ತೆರಿಗೆಯಿಲ್ಲ. ಉಳಿದ 40,000ಕ್ಕೆ 30 ಪ್ರತಿಶತ ಎಂದರೆ 12,000, ಮೇಲೆ ಸೆಸ್. 2025ರ ಏಪ್ರಿಲ್‌ನಿಂದ ಪಾಲುದಾರರ ಸಂಭಾವನೆ ವರ್ಷಕ್ಕೆ 20,000 ಮೀರಿದರೆ 10 ಪ್ರತಿಶತ ಟಿಡಿಎಸ್ ಹಿಡಿಯಬೇಕು, ರಿಟರ್ನ್ ಹಾಕಿ ವಾಪಸು ಪಡೆಯಬೇಕು. ಕಿರಿಕಿರಿಯೇ. ಆದರೆ ಪಾಲುಪತ್ರದಲ್ಲಿ ಸಂಭಾವನೆ ಎಷ್ಟೆಂದು ಬರೆದಿದ್ದರೆ ಮಾತ್ರ ಈ ವಿನಾಯಿತಿ ಸಿಗುವುದರಿಂದ, ಮಾವಶಿಗೆ ಎಷ್ಟು ಎಂಬ ಅಂಕಿ ಜೀವಮಾನದಲ್ಲಿ ಮೊದಲ ಸಲ ಕಾಗದಕ್ಕೆ ಬರುತ್ತದೆ.

ಮಾವಶಿಯನ್ನು ಪಾಲುದಾರಳೆಂದು ಬರೆದುಕೊಂಡು ಕನಿಷ್ಠ ವೇತನ ತಪ್ಪಿಸಿಕೊಳ್ಳುವ ಬುದ್ಧಿವಂತರೂ ಇರುತ್ತಾರೆ ಎಂಬ ಆಕ್ಷೇಪಣೆ ಸರಿಯಾದದ್ದೇ. ಆದ್ದರಿಂದ ಪತ್ರದಲ್ಲಿ ಮೂರು ವಿಷಯ ಇರಲೇಬೇಕು. ಲಾಭ ಬರಲಿ ಬಿಡಲಿ, ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ತಿಂಗಳ ಮೊತ್ತ. ನಷ್ಟದಲ್ಲಿ ಆಕೆಗೆ ಪಾಲಿಲ್ಲ ಎಂಬ ಮಾತು. ಲೆಕ್ಕದ ಪುಸ್ತಕ ನೋಡುವ ಹಕ್ಕು, ಆಕೆ ಓದಬಲ್ಲ ಭಾಷೆಯಲ್ಲಿ. ಈ ಮೂರೂ ಇಲ್ಲದಿದ್ದರೆ ಆಕೆ ನೌಕರಳೇ. ಆಗ ನೌಕರಳ ಹಕ್ಕುಗಳನ್ನೇ ಕೊಡಬೇಕು.

ಇದೆಲ್ಲ ಕನಸು ಎನ್ನುವವರು 1959ರ ಮಾರ್ಚ್ 15ನ್ನು ನೆನೆಯಬೇಕು. ಮುಂಬೈಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಅದೇ ಲಿಜ್ಜತ್. 1966ರಲ್ಲಿ ಸೊಸೈಟಿಯಾಗಿ ನೋಂದಾಯಿಸಿದಾಗಲೂ ಅವರು ಒಡತಿ-ಆಳು ಎಂಬ ಭೇದವನ್ನು ಒಳಗೆ ಬಿಡಲಿಲ್ಲ. ಲಟ್ಟಿಸುವವರೇ ಸದಸ್ಯರು, ಲಾಭನಷ್ಟ ಅವರದೇ. ಹಪ್ಪಳಕ್ಕೆ ಆದದ್ದು ಮಕ್ಕಳಿಗೂ ಆಗಿದೆ. ಅಹಮದಾಬಾದಿನಲ್ಲಿ ಸೇವಾ ಸಂಘಟನೆಯ ಬೆಂಬಲದಿಂದ 1986ರಲ್ಲಿ ನೋಂದಣಿಯಾದ ಸಂಗಿನಿ, ಶಿಶುಪಾಲನೆ ಮಾಡುವ ಹೆಂಗಸರ ಸಹಕಾರಿ ಸಂಘ.

ಮಹಾರಾಷ್ಟ್ರ ಸಕ್ಕರೆಗೆ, ಹಾಲಿಗೆ, ಬ್ಯಾಂಕಿಗೆ, ಫ್ಲ್ಯಾಟಿಗೆ ಸಹಕಾರ ಸಂಘ ಕಟ್ಟಿದ ರಾಜ್ಯ. ಕನ್ನಡಿಗರಿಗೂ ಇದನ್ನು ಹೊಸದಾಗಿ ಹೇಳಬೇಕಿಲ್ಲ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿ ದೇಶಕ್ಕೇ ಮೇಲ್ಪಂಕ್ತಿ ಹಾಕಿದರು. ಆದರೂ ಊರಿನ ಹತ್ತು ಪಾಳಣಾಘರುಗಳ ಹೆಂಗಸರು ಸೇರಿ ಒಂದು ಸಂಘ ಮಾಡಬಹುದು ಎಂದು ಸಲಹೆ ಕೊಡುವ ಆಡಿಟರು ಸಿಗುವುದು ಕಷ್ಟ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಗೆ ಬೇಕಾದದ್ದು ಬೇರೆ ಬೇರೆ ಕುಟುಂಬದ ಹತ್ತು ಜನ. ಹತ್ತು ಮನೆಗಳ ಸಂಘವಿದ್ದರೆ ಒಬ್ಬಳಿಗೆ ಜ್ವರ ಬಂದ ಬುಧವಾರ ಇನ್ನೊಬ್ಬಳು ಹೋಗಿ ಕೂರಬಹುದು. ವಿಮೆ ಒಟ್ಟಿಗೆ ಕೊಳ್ಳಬಹುದು, ಮಿಹಾನ್‌ನ ಕಂಪನಿಯ ಜೊತೆ ಒಟ್ಟಿಗೆ ಮಾತಾಡಬಹುದು. ಸಹಕಾರ ಇಲಾಖೆಯ ಕಾಟ, ಚುನಾವಣೆ, ಊರ ಪುಢಾರಿ ಬಂದು ಅಧ್ಯಕ್ಷನಾಗುವ ಅಪಾಯ, ಎಲ್ಲವೂ ಉಂಟು. ಪುಢಾರಿಗೆ ಎಂಟೆಂಟು ಮಕ್ಕಳ ಹತ್ತು ಮನೆಗಳಲ್ಲಿ ಆಸಕ್ತಿ ಹುಟ್ಟುವಷ್ಟು ಹಣವಿರುವುದಿಲ್ಲ ಎಂಬುದೊಂದೇ ಸಮಾಧಾನ.

ಕೊನೆಗೆ ಸರ್ಕಾರದ ಮಾತು. ಮಾಲೀಕತ್ವ, ಪಾಲುದಾರಿಕೆ, ಕಂಪನಿ, ಟ್ರಸ್ಟ್, ಇವುಗಳ ಯಾವ ಫಾರ್ಮು ತುಂಬಿದರೂ ಮಕ್ಕಳು ಎಷ್ಟು, ನೋಡಿಕೊಳ್ಳುವವರು ಎಷ್ಟು ಎಂಬ ಪ್ರಶ್ನೆ ಇಲ್ಲ. ಗುಮಾಸ್ತಾದ ಮಟ್ಟಿಗೆ ಪಾಳಣಾಘರೂ ಚಪ್ಪಲಿ ಅಂಗಡಿಯೂ ಒಂದೇ. ಪ್ರಶ್ನೆಗಳು ಗೊತ್ತಿಲ್ಲವೆಂದಲ್ಲ. 2018ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ನೌಕರದಾರ ತಾಯಂದಿರ ಶಿಶುಕೇಂದ್ರಗಳಿಗೆಂದು ಮಾರ್ಗಸೂಚಿ ಹೊರಡಿಸಿತು. ಮಗುವಿಗೆ ಕನಿಷ್ಠ 10ರಿಂದ 12 ಚದರ ಅಡಿ, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೊಬ್ಬ ಕಾರ್ಯಕರ್ತೆ, ಜೊತೆಗೊಬ್ಬ ಸಹಾಯಕಿ. ಮಾರ್ಗಸೂಚಿ ಎಂದರೆ ಸಲಹೆ. ಕಂಪನಿ ರಿಜಿಸ್ಟ್ರಾರರ ಫಾರ್ಮು ತಡವಾದರೆ ದಿನಕ್ಕೆ 100 ರೂಪಾಯಿ ಎಣಿಸುವ ವ್ಯವಸ್ಥೆ, ಒಬ್ಬಳು ಆಯಾಳ ಕೈಗೆ ಇಪ್ಪತ್ತು ಕೂಸು ಕೊಟ್ಟರೆ ಎಣಿಸುವುದೇ ಇಲ್ಲ.

ಕರ್ನಾಟಕ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂದು ಘೋಷಿಸಿ, ಉದ್ಯೋಗ ಖಾತರಿಯ ಕೂಲಿಕಾರ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡಹೊರಟಿತು. ಅದು ಎಲ್ಲೆಡೆ ಚೆನ್ನಾಗಿ ನಡೆದಿದೆಯೆಂದು ಯಾರೂ ಹೇಳಲಾರರು. ಆದರೆ ಅಲ್ಲಿ ಕೂಸನ್ನು ನೋಡಿಕೊಳ್ಳುವುದು ಕೂಲಿ ಕೊಡಬೇಕಾದ ಕೆಲಸ ಎಂದು ಸರ್ಕಾರ ಕಾಗದದಲ್ಲಿ ಒಪ್ಪಿದೆ. ಊರಿನ ಮಧ್ಯಮವರ್ಗದ ಡೇ ಕೇರ್‌ಗಳಲ್ಲಿ, ಹುಬ್ಬಳ್ಳಿಯಲ್ಲಾಗಲಿ ನಾಗಪುರದಲ್ಲಾಗಲಿ, ಅಷ್ಟನ್ನೂ ಯಾರೂ ಒಪ್ಪಿಲ್ಲ.

ಶಾಲೆ ತೆರೆಯಲು ಇನ್ನೂ ಕೆಲವು ವಾರಗಳಿವೆ. ಮನೀಷ್ ನಗರದ ಆ ಎರಡು ಕೋಣೆಯ ಹೆಂಗಸು ಆಡಿಟರ ಬಳಿ ಹೋಗುವಾಗ ಗಂಡನ ಆಧಾರ್ ಕಾರ್ಡು ಮನೆಯಲ್ಲೇ ಬಿಟ್ಟು, ಮಾವಶಿಯನ್ನು ಜೊತೆಗೆ ಕರೆದುಕೊಂಡು ಹೋಗಲಿ. ಅವರಿಬ್ಬರಿಗೂ ಕುರ್ಚಿ ಹಾಕದ ಆಡಿಟರಾದರೆ, ಸೀತಾಬರ್ಡಿಯಲ್ಲಿ ಬೇರೆ ಆಡಿಟರು ಬೇಕಾದಷ್ಟಿದ್ದಾರೆ.